ಕರೆಂಟು ಬಂದ ಕೂಡಲೇ ಸಂಪಿನ ಮೋಟಾರು ತಾನೇ ಓಡುತ್ತದೆ: ಸ್ಮಾರ್ಟ್ ಹೋಮ್ ಆ್ಯಪ್ ಬರೆಯುವವರು ಯಾವ ಕಮಾಂಡ್ ಲೈನ್ ಸಾಧನ ಹಿಡಿಯಬೇಕು?

ಸಂಪಿನ_ಸಖ

ವಿದ್ಯಾರಣ್ಯಪುರದ ಎಂಟು ಮನೆಗಳ ಕಟ್ಟಡವೊಂದರಲ್ಲಿ ನಮ್ಮ ವಾಸ. ಸಂಪಿನ ಮೋಟಾರು, ಮೇಲಿನ ಟ್ಯಾಂಕಿನ ನೀರಿನ ಮಟ್ಟ, ಮೆಟ್ಟಿಲ ದೀಪ ಇವಿಷ್ಟನ್ನು ಫೋನಿನಿಂದಲೇ ನೋಡಿಕೊಳ್ಳಲೆಂದು ಬಿಡುವಿನ ವೇಳೆಯಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇನೆ. ಮೋಟಾರಿನ ಪಕ್ಕದ ಡಬ್ಬಿಯಲ್ಲಿ ಇಎಸ್‌ಪಿಹೋಮ್ ಎಂಬ ತಂತ್ರಾಂಶ ತುಂಬಿದ ಇಎಸ್‌ಪಿ32 ಎಂಬ ಪುಟ್ಟ ವೈಫೈ ಚಿಪ್ ಇದೆ. ಎಂಕ್ಯೂಟಿಟಿ ಎಂಬ ಪದ್ಧತಿಯಲ್ಲಿ ಇವುಗಳ ನಡುವೆ ಸಂದೇಶಗಳನ್ನು ಹಂಚಲು ನಮ್ಮ ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಮಾಸ್ಕಿಟೊ ಎಂಬ ಬ್ರೋಕರ್ (ಸಂದೇಶ ಹಂಚುವ ತಂತ್ರಾಂಶ) ಓಡುತ್ತಿದೆ.

ಹೋದ ವಾರ ಮಳೆ ಬಂದ ರಾತ್ರಿ ಕರೆಂಟು ಹೋಗಿ, ಮೂರು ಗಂಟೆಯ ಹೊತ್ತಿಗೆ ಮರಳಿ ಬಂತು. ಯಾರೂ ಗುಂಡಿ ಒತ್ತದಿದ್ದರೂ ಮೋಟಾರು ಓಡತೊಡಗಿ, ಬೆಳಗಿನವರೆಗೆ ಟ್ಯಾಂಕು ಉಕ್ಕಿ ಹರಿಯಿತು. ಹಿಂದಿನ ದಿನವಷ್ಟೇ ದುಡ್ಡು ಕೊಟ್ಟು ಟ್ಯಾಂಕರ್ ನೀರು ತುಂಬಿಸಿದ್ದೆವು. ಕೆಳಮನೆಯ ಅಜ್ಜಿ ಬೆಳಿಗ್ಗೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಈಗ ನನ್ನ ಕಷ್ಟ ಹೀಗಿದೆ. ತಪ್ಪು ಆ್ಯಪಿನದೋ, ಬ್ರೋಕರಿನದೋ, ಆ ಡಬ್ಬಿಯದೋ ತಿಳಿಯುತ್ತಿಲ್ಲ. ಪ್ರತಿ ಸಲವೂ ಆ್ಯಪ್ ಬದಲಿಸಿ, ಫೋನಿಗೆ ಹಾಕಿ, ಗುಂಡಿ ಒತ್ತಿ, ಕೆಳಗಿಳಿದು ಮೋಟಾರು ನೋಡಿ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತದೆ. ಟರ್ಮಿನಲ್ಲಿನಿಂದಲೇ ಇವನ್ನೆಲ್ಲ ಪರೀಕ್ಷಿಸುವುದಾದರೆ ಯಾವ ಸಾಧನದಿಂದ ಶುರು ಮಾಡಬೇಕೆಂದು ಅನುಭವಸ್ಥರು ಹೇಳಬೇಕು.

ಹಳೇಮೀಟರು

ರಾಜಾಜಿನಗರದ ನಮ್ಮ ಮನೆಯಲ್ಲಿ ಒಂದು ಫ್ಲೋಟ್ ಸ್ವಿಚ್ ಇದೆ, ನೀರು ಏರಿದಾಗ ಮೇಲೆ ತೇಲಿ ಮೋಟಾರು ನಿಲ್ಲಿಸುತ್ತದೆ. ಅದಕ್ಕೆ ಕಮಾಂಡ್ ಲೈನ್ ಇಲ್ಲ, ಇಂದಿನವರೆಗೆ ಟ್ಯಾಂಕು ಉಕ್ಕಿಯೂ ಇಲ್ಲ.

ಕಪ್ಪುಪರದೆ

ಮೇಲಿನವರ ಮಾತು ಸರಿಯೇ ಇರಬಹುದು, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಸಂಪಿನ ಸಖರೇ, ಹೊಸ ಸಾಧನ ಹುಡುಕುವ ಮೊದಲು ನಿಮ್ಮ ಪೈ ಮೇಲೆ ಈಗಾಗಲೇ ಇರಬಹುದಾದ ಮಾಸ್ಕಿಟೊ ಸಬ್ ಮತ್ತು ಮಾಸ್ಕಿಟೊ ಪಬ್ ಎಂಬ ಎರಡು ಪುಟ್ಟ ಆದೇಶಗಳನ್ನು ಬಳಸಿ ನೋಡಿ. ಇಲ್ಲದಿದ್ದರೆ ಮಾಸ್ಕಿಟೊ ಕ್ಲೈಂಟ್ಸ್ ಎಂಬ ಪ್ಯಾಕೇಜಿನಲ್ಲಿ ಸಿಗುತ್ತವೆ. ಮೊದಲನೆಯದು ಕಿವಿ, ಎರಡನೆಯದು ಬಾಯಿ. ಟಾಪಿಕ್ (ಸಂದೇಶದ ವಿಳಾಸ) ಜಾಗದಲ್ಲಿ ಹ್ಯಾಷ್ ಗುರುತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಜೊತೆಗೆ ಮೈನಸ್ ವಿ ಸೇರಿಸಿ ಮಾಸ್ಕಿಟೊ ಸಬ್ ಓಡಿಸಿದರೆ ಬ್ರೋಕರಿನ ಮೂಲಕ ಹಾದುಹೋಗುವ ಪ್ರತಿಯೊಂದು ಸಂದೇಶವೂ ಟಾಪಿಕ್ ಸಮೇತ ಪರದೆಯ ಮೇಲೆ ಸಾಲಾಗಿ ಬೀಳುತ್ತದೆ. ಉದ್ಧರಣ ಚಿಹ್ನೆ ಮರೆತರೆ ಶೆಲ್ ಆ ಹ್ಯಾಷನ್ನು ಟಿಪ್ಪಣಿಯೆಂದು ತಿಳಿದು ನುಂಗಿಬಿಡುತ್ತದೆ. ಆಮೇಲೆ ಆ್ಯಪನ್ನು ಮುಟ್ಟದೆ ಮಾಸ್ಕಿಟೊ ಪಬ್‌ನಿಂದಲೇ ಆನ್ ಎಂದು ಕಳಿಸಿ ನೋಡಿ. ಮೋಟಾರು ಓಡಿದರೆ ಡಬ್ಬಿ ಮತ್ತು ಬ್ರೋಕರು ಸರಿಯಿವೆ, ತಪ್ಪು ಆ್ಯಪಿನಲ್ಲಿದೆ. ಓಡದಿದ್ದರೆ ಆ್ಯಪನ್ನು ಪಕ್ಕಕ್ಕಿಟ್ಟು ಕೆಳಗಿಳಿಯಿರಿ. ಹತ್ತು ನಿಮಿಷದ ಪರೀಕ್ಷೆ ಹತ್ತು ಸೆಕೆಂಡಿಗೆ ಬರುತ್ತದೆ.

ಒಂದು ಎಚ್ಚರಿಕೆ. ಮಾಸ್ಕಿಟೊ 2.0ರಿಂದ ಈಚೆಗೆ, ಲಿಸನರ್ ಸಾಲನ್ನು ಕಾನ್ಫಿಗ್‌ನಲ್ಲಿ ನೀವಾಗಿ ಬರೆಯದಿದ್ದರೆ ಬ್ರೋಕರು ತಾನಿರುವ ಯಂತ್ರಕ್ಕಷ್ಟೇ ಬಾಗಿಲು ತೆರೆಯುತ್ತದೆ. ಪೈ ಮೇಲೆ ಎಲ್ಲವೂ ಸರಿಯಾಗಿ ಕಂಡು, ಲ್ಯಾಪ್‌ಟಾಪಿನಿಂದ ಮಾತ್ರ ಸಂಪರ್ಕ ಸಿಗದೆ ಅನೇಕರು ಒದ್ದಾಡುವುದು ಇದರಿಂದಲೇ.

ಲುವಾ_ಪ್ರಿಯ

ನನ್ನ ಅಭಿಪ್ರಾಯ ಬೇರೆ. ಎಂಟು ಮನೆಯವರು ಬಳಸುವ ಆ್ಯಪನ್ನು ಒಬ್ಬರೇ ಬರೆದು, ಒಬ್ಬರೇ ಕಾಯುವುದು ಎಷ್ಟು ದಿನ ನಡೆದೀತು? ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಥಿಂಗ್ಸ್‌ನಂತಹ ಸ್ಮಾರ್ಟ್ ಹೋಮ್ ವೇದಿಕೆಯ ಕಮಾಂಡ್ ಲೈನ್ ಸಾಧನವನ್ನು ಎನ್‌ಪಿಎಂ ಎಂಬ ಪ್ಯಾಕೇಜ್ ಸಾಧನದ ಮೂಲಕ ಹಾಕಿಕೊಂಡರೆ, ಡಿವೈಸ್‌ಗಳ ಪಟ್ಟಿ, ಅವುಗಳ ಸ್ಥಿತಿ, ಅವಕ್ಕೆ ಆದೇಶ ಕಳಿಸುವುದು ಎಲ್ಲವೂ ಒಂದೇ ಕಡೆ ಸಿಗುತ್ತದೆ. ಲುವಾ ಭಾಷೆಯಲ್ಲಿ ಎಡ್ಜ್ ಡ್ರೈವರ್ (ಡಿವೈಸನ್ನು ನಡೆಸುವ ಪುಟ್ಟ ಪ್ರೋಗ್ರಾಂ) ಬರೆದು, ಅಲ್ಲಿಂದಲೇ ಪ್ಯಾಕ್ ಮಾಡಿ ಮನೆಯಲ್ಲಿಡುವ ಹಬ್ ಪೆಟ್ಟಿಗೆಗೆ ಹಾಕಿ, ಲಾಗ್‌ಕ್ಯಾಟ್ ಎಂಬ ಉಪ ಆದೇಶದಿಂದ ಅದು ಓಡುವುದನ್ನು ಸಾಲು ಸಾಲಾಗಿ ನೋಡಬಹುದು. ಡ್ರೈವರ್ ಓಡುವುದು ಹಬ್ ಒಳಗೇ ಆದ್ದರಿಂದ ಇಂಟರ್‌ನೆಟ್ ಹೋದರೂ ಅದರ ಕೆಲಸ ನಿಲ್ಲುವುದಿಲ್ಲ.

ಕಪ್ಪುಪರದೆ

ನಾನೂ ಅದನ್ನು ಬಳಸಿದ್ದೇನೆ, ಲಾಗ್‌ಕ್ಯಾಟ್ ನಿಜಕ್ಕೂ ಸೊಗಸಾಗಿದೆ. ಆದರೆ ಈಗ ಹೊಸದಾಗಿ ಪಡೆಯುವ ವೈಯಕ್ತಿಕ ಟೋಕನ್ನಿಗೆ (ಪಾಸ್‌ವರ್ಡಿನಂಥ ಕೀಲಿ) 24 ಗಂಟೆಗಳ ಆಯುಷ್ಯ ಮಾತ್ರ. ಅದನ್ನು ನಿಗದಿತ ಹೊತ್ತಿಗೆ ತಾನೇ ಓಡುವ ಕ್ರಾನ್ ಸ್ಕ್ರಿಪ್ಟಿನಲ್ಲಿ ಅಂಟಿಸಿ ಊರಿಗೆ ಹೋದರೆ ಮಾರನೆಯ ದಿನ ಸ್ಕ್ರಿಪ್ಟು ಸತ್ತಿರುತ್ತದೆ. ಅಲ್ಲದೆ ಇವರ ಬಳಿ ಹಬ್ ಇಲ್ಲ. ಇರುವ ಸಂಪಿನ ಸಮಸ್ಯೆಗೆ ಹೊಸ ಪೆಟ್ಟಿಗೆ ಕೊಳ್ಳಿ ಎನ್ನುವುದು ನ್ಯಾಯವೇ?

ಲುವಾ_ಪ್ರಿಯ

ಹಬ್ ಕೊಳ್ಳಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ದಿನಬಳಕೆಗೆ ಟೋಕನ್ನಿನ ಅಗತ್ಯವೂ ಇಲ್ಲ, ಬ್ರೌಸರಿನಲ್ಲಿ ಒಮ್ಮೆ ಲಾಗಿನ್ ಆದರೆ ಸಾಕು. ಆದರೆ ಕ್ರಾನ್ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ.

ಮಲ್ಲಿಗೆಬಳ್ಳಿ

ಕರೆಂಟು ಹೋಗಿ ಬರುವುದರ ಮಾತು ಬಂದದ್ದರಿಂದ ನನ್ನದೂ ಒಂದು ಕಥೆ ಹೇಳಿಬಿಡುತ್ತೇನೆ. ಮ್ಯಾಟರ್ ಎಂಬ ಸ್ಮಾರ್ಟ್ ಹೋಮ್ ಮಾನದಂಡದ ಡಿವೈಸ್‌ಗಳನ್ನು ಪರೀಕ್ಷಿಸಲು ಚಿಪ್-ಟೂಲ್ ಎಂಬ ಸಾಧನವಿದೆ. ಒಂದು ಮಾದರಿ ಬಲ್ಬನ್ನು ಮಾಮೂಲಿ ಪರೀಕ್ಷಾ ಸಂಖ್ಯೆಗಳಾದ 20202021 ಮತ್ತು 3840 ಕೊಟ್ಟು ಜೋಡಿಸಿಕೊಂಡು, ಸಂಜೆಯವರೆಗೂ ಆನ್ ಆಫ್ ಮಾಡುತ್ತಾ ಕುಳಿತಿದ್ದೆ. ರಾತ್ರಿ ಕರೆಂಟು ಹೋಗಿ ನನ್ನ ಡೆಸ್ಕ್‌ಟಾಪ್ ಆರಿತು. ಮತ್ತೆ ಹಚ್ಚಿ ನೋಡಿದರೆ ಚಿಪ್-ಟೂಲ್‌ಗೆ ಆ ಬಲ್ಬಿನ ಪರಿಚಯವೇ ಇರಲಿಲ್ಲ. ಬಲ್ಬಾದರೋ ತಾನು ಈಗಾಗಲೇ ಯಾರಿಗೋ ಸೇರಿದವಳೆಂದು ಹೇಳಿ ಹೊಸ ಜೋಡಣೆಗೂ ಒಪ್ಪಲಿಲ್ಲ.

ಎರಡು ದಿನ ರೂಟರನ್ನು ಬೈದ ಮೇಲೆ ತಿಳಿಯಿತು. ಚಿಪ್-ಟೂಲ್ ತನ್ನ ಕೀಲಿಗಳನ್ನೆಲ್ಲ ನಾವು ಬೇರೆ ಹೇಳದಿದ್ದರೆ ಟೆಂಪ್ ಕಡತಕೋಶದಲ್ಲಿ ಇಡುತ್ತದೆ, ನನ್ನ ಯಂತ್ರ ಪ್ರತಿ ಬೂಟ್‌ಗೂ ಆ ಕೋಶವನ್ನು ಗುಡಿಸಿ ಹಾಕುತ್ತದೆ. ಸ್ಟೋರೇಜ್ ಡೈರೆಕ್ಟರಿ ಎಂಬ ಆಯ್ಕೆಯಿಂದ ಬೇರೆ ಜಾಗ ತೋರಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಆದ್ದರಿಂದ ಸಂಪಿನ ಸಖರೇ, ಕರೆಂಟು ಹೋದಾಗ ಯಾವುದು ಏನನ್ನು ನೆನಪಿಟ್ಟುಕೊಳ್ಳುತ್ತದೆ, ಯಾವುದು ಮರೆಯುತ್ತದೆ ಎಂಬುದನ್ನು ಮೊದಲು ನೋಡಿ.

ಸಂಪಿನ_ಸಖ

ಕಪ್ಪುಪರದೆಯವರು ಹೇಳಿದಂತೆ ಮಾಡಿದೆ. ಆ್ಯಪನ್ನು ಪೂರ್ತಿ ಮುಚ್ಚಿ, ಮನೆಯಲ್ಲಿ ಎಲ್ಲರ ಫೋನಿನ ವೈಫೈ ಆರಿಸಿ, ಮಾಸ್ಕಿಟೊ ಸಬ್ ಓಡಿಸಿದೆ. ಎಂಟರ್ ಒತ್ತಿದ ಮರುಕ್ಷಣವೇ ಈ ಎರಡು ಸಾಲುಗಳು ಬಿದ್ದವು:

ಮನೆ/ಮೋಟಾರು/ಸ್ಥಿತಿ ಆಫ್
ಮನೆ/ಮೋಟಾರು/ಆದೇಶ ಆನ್

ಮೊದಲನೆಯದು ಸರಿ, ಮೋಟಾರು ನಿಂತೇ ಇದೆ. ಆದರೆ ಆನ್ ಎಂಬ ಆದೇಶವನ್ನು ಯಾರು ಕಳಿಸಿದರು? ನಿಲ್ಲಿಸಿ ಮತ್ತೆ ಓಡಿಸಿದರೂ ಅದೇ ಎರಡು ಸಾಲುಗಳು.

ಎಸ್ಪಿರಸ್ತೆ_ಗಿರಾಕಿ

ಯಾರೂ ಈಗ ಕಳಿಸಿಲ್ಲ. ನೀವೇ ಎಂದೋ ಕಳಿಸಿದ್ದನ್ನು ಬ್ರೋಕರು ಇಟ್ಟುಕೊಂಡು ಕೂತಿದೆ. ನಿಮ್ಮ ಆ್ಯಪಿನಲ್ಲಿ ಆದೇಶ ಕಳಿಸುವ ಕಡೆ ರಿಟೇನ್ ಎಂಬ ಗುರುತು ನಿಜ ಎಂದಿರಬೇಕು, ನೋಡಿ.

ರಿಟೇನ್ ಎಂದರೆ ಬಾಗಿಲಿಗೆ ಅಂಟಿಸಿದ ಚೀಟಿ. ಎಂಕ್ಯೂಟಿಟಿಯನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು. ಅಪರೂಪಕ್ಕೊಮ್ಮೆ ಮಾತಾಡುವ ಸೆನ್ಸರ್‌ಗಳ ಕೊನೆಯ ಮಾತು ಆಮೇಲೆ ಬಂದವರಿಗೂ ಸಿಗಬೇಕಾದರೆ ಇಂಥದೊಂದು ಚೀಟಿ ಬಹಳ ಉಪಕಾರಿ. ಸ್ಥಿತಿಗೆ ಅದು ಒಳ್ಳೆಯದು, ಆದೇಶಕ್ಕೆ ವಿಷ. ಕರೆಂಟು ಬಂದಾಗ ನಿಮ್ಮ ಡಬ್ಬಿ ಎಚ್ಚೆತ್ತು, ಬ್ರೋಕರಿನ ಬಾಗಿಲಿಗೆ ಹೋಗಿ, ಆನ್ ಎಂಬ ಹಳೆಯ ಚೀಟಿಯನ್ನು ಓದಿ, ಅದನ್ನು ಈಗಷ್ಟೇ ಬಂದ ಅಪ್ಪಣೆಯೆಂದು ತಿಳಿದು ಮೋಟಾರು ಹಚ್ಚಿದೆ. ಪೈಗೂ ಕರೆಂಟು ಹೋಗಿತ್ತಲ್ಲ ಎನ್ನಬೇಡಿ; ಪರ್ಸಿಸ್ಟೆನ್ಸ್ ಇದ್ದರೆ ಮಾಸ್ಕಿಟೊ ಈ ಚೀಟಿಗಳನ್ನು ಡಿಸ್ಕಿನಲ್ಲೂ ಬರೆದಿಡುತ್ತದೆ.

ಅಳಿಸಲು ಅದೇ ಟಾಪಿಕ್ಕಿಗೆ ಮಾಸ್ಕಿಟೊ ಪಬ್‌ನಿಂದ ಮೈನಸ್ ಆರ್, ಮೈನಸ್ ಎನ್ ಕೊಟ್ಟು ಖಾಲಿ ಸಂದೇಶ ಕಳಿಸಿ. ಖಾಲಿ ರಿಟೇನ್ ಸಂದೇಶ ಹಳೆಯ ಚೀಟಿಯನ್ನು ಕಿತ್ತುಹಾಕುತ್ತದೆ.

ಗುಬ್ಬಚ್ಚಿ

ಮಾಸ್ಕಿಟೊ ಸಬ್‌ಗೆ ರಿಮೂವ್ ರಿಟೇನ್ಡ್ ಎಂಬ ಆಯ್ಕೆಯೇ ಇದೆಯಲ್ಲ? ಹ್ಯಾಷ್ ಕೊಟ್ಟು ಓಡಿಸಿದರೆ ಎಲ್ಲವೂ ಒಂದೇ ಏಟಿಗೆ ಹೋಗುತ್ತದೆ.

ಎಸ್ಪಿರಸ್ತೆ_ಗಿರಾಕಿ

ಹೌದು, ಎಲ್ಲವೂ ಹೋಗುತ್ತದೆ, ಅದೇ ತೊಂದರೆ. ಹೋಮ್ ಅಸಿಸ್ಟೆಂಟ್ ಎಂಬ ಮನೆ ನಿಯಂತ್ರಣ ತಂತ್ರಾಂಶ ಬಳಸುವವರಾದರೆ ಡಿವೈಸ್‌ಗಳನ್ನು ಪತ್ತೆ ಹಚ್ಚುವ ಡಿಸ್ಕವರಿ ಸಂದೇಶಗಳೂ ರಿಟೇನ್ ಆಗಿಯೇ ಇರುತ್ತವೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಗುತ್ತದೆ.

ಹಳೇಮೀಟರು

ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವ ಕೆಲಸ ಯಾರದು ಎಂದು ಇಲ್ಲಿಯವರೆಗೆ ಯಾರೂ ಕೇಳಲಿಲ್ಲ.

ಸಂಪಿನ_ಸಖ

ಆ್ಯಪಿನದು. ನೀರಿನ ಮಟ್ಟ ನೋಡಿ ಆಫ್ ಎಂದು ಅದೇ ಕಳಿಸುತ್ತದೆ.

ಹಳೇಮೀಟರು

ಅಂದರೆ ರಾತ್ರಿ ಮೂರು ಗಂಟೆಗೆ ನಿಮ್ಮ ದಿಂಬಿನ ಪಕ್ಕ ನಿದ್ದೆ ಹೋಗಿರುವ ಫೋನು ಎದ್ದು ಮೋಟಾರು ನಿಲ್ಲಿಸಬೇಕು. ಸ್ವಾಮಿ, ನಾನು ಕಮಾಂಡ್ ಲೈನ್ ವಿರೋಧಿಯಲ್ಲ, ನಲವತ್ತು ವರ್ಷ ವೈರಿಂಗ್ ಕೆಲಸ ಮಾಡಿದವನು. ನಿಲ್ಲಿಸುವ ಅಧಿಕಾರ ಮೋಟಾರಿಗೆ ಹತ್ತಿರ ಇರಬೇಕು. ಮೊದಲು ಫ್ಲೋಟ್, ಆಮೇಲೆ ಆ ಡಬ್ಬಿ, ಕೊನೆಗೆ ನಿಮ್ಮ ಫೋನು. ಮತ್ತೊಂದು ಮಾತು. ಒಂದು ಎಚ್‌ಪಿ ಎಂದರೆ 746 ವಾಟ್ ಅಷ್ಟೇ ಎಂದು ಲೆಕ್ಕ ಹಾಕಿ 10 ಆಂಪಿಯರ್‌ನ ನೀಲಿ ರಿಲೇಗೆ ಮೋಟಾರನ್ನು ನೇರವಾಗಿ ಕಟ್ಟಿದ್ದರೆ ಇಂದೇ ಬಿಚ್ಚಿ. ಹೊರಡುವ ಕ್ಷಣದಲ್ಲಿ ಮೋಟಾರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು ಇರುತ್ತದೆ. ಆ ರಿಲೇಯ ಸಂಪರ್ಕಗಳು ಬೆಸೆದುಕೊಂಡರೆ ನೀವು ಆಫ್ ಎಂದು ಸಾವಿರ ಸಲ ಟೈಪಿಸಿದರೂ ಮೋಟಾರು ನಿಲ್ಲದು. ರಿಲೇ ಕಾಂಟ್ಯಾಕ್ಟರನ್ನು (ಭಾರೀ ಕರೆಂಟು ತಾಳುವ ದೊಡ್ಡ ಸ್ವಿಚ್ಚು) ಎಳೆಯಲಿ, ಕಾಂಟ್ಯಾಕ್ಟರು ಮೋಟಾರನ್ನು ಎಳೆಯಲಿ.

ಎಸ್ಪಿರಸ್ತೆ_ಗಿರಾಕಿ

ಇದಕ್ಕೆ ನನ್ನದು ಒಂದು ಮಾತೂ ತಕರಾರಿಲ್ಲ. ಇದರ ಜೊತೆಗೆ ಇಎಸ್‌ಪಿಹೋಮ್‌ನ ಸ್ವಿಚ್ಚಿಗೆ ರೀಸ್ಟೋರ್ ಮೋಡ್ ಎಂಬುದೊಂದಿದೆ. ಬೂಟ್ ಆದಾಗ ಹಳೆಯ ಸ್ಥಿತಿಗೆ ಮರಳಬೇಕೋ ಬೇಡವೋ ಎಂಬುದನ್ನು ಅದು ನಿರ್ಧರಿಸುತ್ತದೆ. ಮೋಟಾರಿಗೆ ಆಲ್ವೇಸ್ ಆಫ್ ಎಂದೇ ಬರೆಯಿರಿ. ನೀವು ಬರೆಯದೆ ಬಿಟ್ಟ ಆಯ್ಕೆಗಳು ಏನಾಗಿವೆಯೆಂದು ತಿಳಿಯಲು ಇಎಸ್‌ಪಿಹೋಮ್ ಕಾನ್ಫಿಗ್ ಎಂಬ ಆದೇಶ ಓಡಿಸಿದರೆ, ಡಿಫಾಲ್ಟುಗಳನ್ನೆಲ್ಲ ತುಂಬಿದ ಪೂರ್ಣ ಯಾಮಲ್ (ಆಯ್ಕೆಗಳನ್ನು ಬರೆದಿಡುವ ಕಡತ) ಪರದೆಗೆ ಬರುತ್ತದೆ. ನಾನು ಕಂಪೈಲ್ ಮಾಡುವ ಮೊದಲು ಅದನ್ನು ಓದದೆ ಮುಂದೆ ಹೋಗುವುದಿಲ್ಲ. ಆಮೇಲೆ ಇಎಸ್‌ಪಿಹೋಮ್ ರನ್ ಕೊಟ್ಟರೆ ಕಂಪೈಲ್, ವೈಫೈ ಮೂಲಕ ಅಪ್‌ಲೋಡ್, ಲಾಗ್ ಮೂರೂ ಒಂದರ ಹಿಂದೊಂದು ನಡೆಯುತ್ತವೆ, ಸಂಪಿನ ಬಳಿಗೆ ಇಳಿಯುವ ಅಗತ್ಯವಿರುವುದಿಲ್ಲ.

ಸಂಪಿನ_ಸಖ

ಈಗ ತಲೆ ಕೆಟ್ಟಿದೆ. ಆ್ಯಪಿನಲ್ಲಿ ರಿಟೇನ್ ಇದ್ದದ್ದು ನಿಜ, ತೆಗೆದೆ. ಆಮೇಲೆ ಮಾಸ್ಕಿಟೊ ಪಬ್‌ಗೆ ಮೈನಸ್ ಆರ್, ಮೈನಸ್ ಎನ್ ಕೊಟ್ಟು ಮನೆ/ಮೋಟಾರು/ಆದೇಶ ಎಂದು ಕೈಯಾರೆ ಟೈಪಿಸಿ ಖಾಲಿ ಸಂದೇಶ ಕಳಿಸಿದೆ. ದೋಷವೇನೂ ಬರಲಿಲ್ಲ. ಮತ್ತೆ ಸಬ್ ಓಡಿಸಿದರೆ ಆ ಆನ್ ಇನ್ನೂ ಅಲ್ಲಿಯೇ ಕೂತಿದೆ! ಟರ್ಮಿನಲ್ಲಿನಿಂದ ಆನ್ ಎಂದು ಕಳಿಸಿದರೂ ಮೋಟಾರು ಕದಲುವುದಿಲ್ಲ, ಆ್ಯಪಿನಿಂದ ಕಳಿಸಿದರೆ ಓಡುತ್ತದೆ. ಎರಡೂ ಕಡೆ ಟಾಪಿಕ್ ಒಂದೇ, ಅಕ್ಷರಶಃ ಒಂದೇ.

ಕಪ್ಪುಪರದೆ

ಟಾಪಿಕ್ಕುಗಳನ್ನು ನಿಜವಾಗಿಯೂ ಕನ್ನಡ ಲಿಪಿಯಲ್ಲಿ ಇಟ್ಟಿದ್ದೀರಾ? ನೀವು ಇಲ್ಲಿ ಓದಲು ಅನುಕೂಲವಾಗಲೆಂದು ಹಾಗೆ ಬರೆದಿದ್ದೀರಿ ಎಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಇಟ್ಟುಬಿಡಿ, ಗೊಂದಲವೇ ಬೇಡ.

ಬೈಟುಕಾಫಿ

ಇಷ್ಟು ಹೊತ್ತು ಓದುತ್ತಾ ಮಾತ್ರ ಇದ್ದೆ, ಇದು ನನ್ನ ಇಲಾಖೆ. ಕನ್ನಡದ ಟಾಪಿಕ್ ಇಡುವುದರಲ್ಲಿ ಯಾವ ತಪ್ಪೂ ಇಲ್ಲ. ಟಾಪಿಕ್ ಯುಟಿಎಫ್-8 ಪಠ್ಯವಾಗಿರಬೇಕೆಂದೇ ಎಂಕ್ಯೂಟಿಟಿ ನಿಯಮ ಹೇಳುತ್ತದೆ. ಆದರೆ ಕಣ್ಣಿಗೆ ಒಂದೇ ಆಗಿ ಕಂಡದ್ದು ಬೈಟಿನಲ್ಲಿ ಒಂದೇ ಆಗಿರಬೇಕಿಲ್ಲ. ಕಣ್ಣನ್ನು ನಂಬದೆ ಎಣಿಸಿ ನೋಡಿ. ಕೈಯಲ್ಲಿ ಟೈಪಿಸಿದ ಟಾಪಿಕ್ಕನ್ನು ಪ್ರಿಂಟ್‌ಎಫ್‌ಗೆ ಕೊಟ್ಟು, ಬೈಟು ಎಣಿಸುವ ಡಬ್ಲ್ಯುಸಿ ಮೈನಸ್ ಸಿ ಗೆ ಪೈಪ್ ಮಾಡಿ. ಆಮೇಲೆ ಮಾಸ್ಕಿಟೊ ಸಬ್ ತೋರಿಸುತ್ತಿರುವ ಟಾಪಿಕ್ಕನ್ನು ಪರದೆಯಿಂದ ನಕಲಿಸಿ ಅದೇ ರೀತಿ ಎಣಿಸಿ. ಎರಡು ಸಂಖ್ಯೆಗಳನ್ನೂ ಇಲ್ಲಿ ಬರೆಯಿರಿ.

ಸಂಪಿನ_ಸಖ

ಕೈಯಲ್ಲಿ ಟೈಪಿಸಿದ್ದು 41. ನಕಲಿಸಿದ್ದು 50. ಇದೇನು ಮಾಯೆ?

ಬೈಟುಕಾಫಿ

ಸಿಕ್ಕಿತು. ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟು. ನಿಮ್ಮ ಟಾಪಿಕ್ಕಿನಲ್ಲಿ 13 ಸಂಕೇತಗಳಿವೆ, ಅದಕ್ಕೆ 39, ಎರಡು ಓರೆಗೆರೆ ಸೇರಿ 41. ಸರಿಯಾದ ಲೆಕ್ಕ ಇದು. ಇನ್ನು ಆ ಹೆಚ್ಚಿನ 9 ಬೈಟು ಎಲ್ಲಿಂದ ಬಂತು ಎಂದರೆ, ನಮ್ಮ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಗುರುತು ಎಂದು ಮೂರಾಗಿ ಒಡೆದೂ ಬರೆಯಬಹುದು. ಏತ್ವವನ್ನು ಎರಡಾಗಿ ಒಡೆಯಬಹುದು. ಮೋಟಾರಿನ ಮೋ ಒಡೆದದ್ದಕ್ಕೆ 6 ಬೈಟು, ಆದೇಶದ ದೇ ಒಡೆದದ್ದಕ್ಕೆ 3 ಬೈಟು, ಒಟ್ಟು 9. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬ್ರೋಕರಿಗೆ ಮಾತ್ರ ಅವು ಎರಡು ಬೇರೆ ಬೇರೆ ವಿಳಾಸಗಳು. ಟಾಪಿಕ್ಕುಗಳನ್ನು ಹೋಲಿಸುವಾಗ ಸರ್ವರು ಯಾವ ಸಾಮಾನ್ಯೀಕರಣವನ್ನೂ (ಬೇರೆ ಬೇರೆ ರೂಪಗಳನ್ನು ಒಂದಾಗಿಸುವುದು) ಮಾಡಕೂಡದೆಂದು ನಿಯಮದಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಆದ್ದರಿಂದ ಬ್ರೋಕರನ್ನು ದೂರುವಂತಿಲ್ಲ.

ಒಡೆದವರು ಯಾರು ಎಂಬುದಷ್ಟೇ ಉಳಿದ ಪ್ರಶ್ನೆ. ನಿಮ್ಮ ಆ್ಯಪಿನಲ್ಲಿ ಹೆಸರನ್ನು ಟಾಪಿಕ್ಕಾಗಿ ಬದಲಿಸುವ ಒಂದು ಪುಟ್ಟ ಫಂಕ್ಷನ್ ಇರಬೇಕು. ಅದರಲ್ಲಿ ನಾರ್ಮಲೈಜರ್, ಎನ್‌ಎಫ್‌ಡಿ (ಅಕ್ಷರಗಳನ್ನು ಒಡೆದಿಡುವ ಯುನಿಕೋಡ್ ರೂಪ) ಎಂಬ ಮಾತುಗಳಿವೆಯೇ ನೋಡಿ.

ಸಂಪಿನ_ಸಖ

ಇವೆ. ಹಳೆಯ ಕಚೇರಿಯ ಪ್ರಾಜೆಕ್ಟಿಗೆಂದು ನಾನೇ ಬರೆದಿದ್ದ ಫಂಕ್ಷನ್ ಅದು. ಫ್ರೆಂಚ್ ಹೆಸರುಗಳ ಮೇಲಿನ ಗೀಟು ಚುಕ್ಕಿಗಳನ್ನು ತೆಗೆಯಲು ಎನ್‌ಎಫ್‌ಡಿಗೆ ಒಡೆದು, ಆಮೇಲೆ ಆ ಗುರುತುಗಳನ್ನು ಅಳಿಸುತ್ತದೆ. ಯೋಚಿಸದೆ ಇಲ್ಲಿಗೂ ತಂದು ಅಂಟಿಸಿದ್ದೆ. ಇಎಸ್‌ಪಿಹೋಮ್‌ನ ಯಾಮಲ್‌ಗೆ ಟಾಪಿಕ್ಕನ್ನು ಆ್ಯಪಿನ ಆಂಡ್ರಾಯ್ಡ್ ಲಾಗಿನಿಂದಲೇ ನಕಲಿಸಿದ್ದರಿಂದ ಆ್ಯಪ್ ಮತ್ತು ಡಬ್ಬಿ ಒಂದೇ ಭಾಷೆ ಆಡಿಕೊಂಡು ಸುಖವಾಗಿದ್ದವು. ನಾನೊಬ್ಬನೇ ಹೊರಗಿನವನಾಗಿದ್ದೆ.

ಬೈಟುಕಾಫಿ

ಆ ಫಂಕ್ಷನ್ನಿನ ಎರಡನೆಯ ಹೆಜ್ಜೆ ಲ್ಯಾಟಿನ್ ಗುರುತುಗಳನ್ನಷ್ಟೇ ಅಳಿಸುತ್ತದೆ, ಕನ್ನಡದವು ಒಡೆದ ಸ್ಥಿತಿಯಲ್ಲೇ ಉಳಿಯುತ್ತವೆ. ಎನ್‌ಎಫ್‌ಸಿ (ಒಡೆದದ್ದನ್ನು ಕೂಡಿಸಿಡುವ ರೂಪ) ಎಂದು ಬದಲಿಸಿ. ಯಾಮಲ್ ಕಡತವನ್ನು ಯುಕಾನ್ವ್ ಎಂಬ ಆದೇಶದಿಂದ ಎನ್‌ಎಫ್‌ಸಿಗೆ ಒಮ್ಮೆ ಹಾಯಿಸಿ, ಮತ್ತೆ ಅಪ್‌ಲೋಡ್ ಮಾಡಿ. ಹಳೆಯ ಚೀಟಿಯನ್ನು ಕೀಳಲು ಟೈಪಿಸಬೇಡಿ, ಸಬ್ ತೋರಿಸುವ ಸಾಲಿನಿಂದಲೇ ನಕಲಿಸಿ ಅಂಟಿಸಿ.

ಇನ್ನೊಂದು ಉಪಯುಕ್ತ ವಿಷಯ. ಪೈಥಾನಿನ ಜೇಸನ್ ಡಂಪ್ಸ್ ಕನ್ನಡವನ್ನೆಲ್ಲ ಹಿಮ್ಮುಖ ಓರೆಗೆರೆ ಯು ಎಂದು ಆರಂಭವಾಗುವ ಸಂಕೇತಗಳಾಗಿ ಉಗುಳಿದಾಗ ಗಾಬರಿಯಾಗಬೇಡಿ. ಅದನ್ನು ಜೆಕ್ಯೂ ಎಂಬ ಜೇಸನ್ ಓದುವ ಸಾಧನಕ್ಕೆ ಪೈಪ್ ಮಾಡಿ ಒಂದು ಚುಕ್ಕಿ ಕೊಟ್ಟರೆ ಕನ್ನಡವಾಗಿಯೇ ಮರಳಿ ಬರುತ್ತದೆ.

ಕಪ್ಪುಪರದೆ

ಇದಕ್ಕೇ ನಾನು ಇಂಗ್ಲಿಷಿನಲ್ಲಿ ಇಡಿ ಎಂದದ್ದು. ಒಂದು ಮೋಟಾರಿನ ಹೆಸರಿಗಾಗಿ ಯುನಿಕೋಡ್ ಪಾಠ ಯಾರಿಗೆ ಬೇಕು?

ಬೈಟುಕಾಫಿ

ಆ ಫಂಕ್ಷನ್ ಕನ್ನಡವನ್ನು ಒಡೆದದ್ದು ಕನ್ನಡದ ತಪ್ಪಲ್ಲ. ಎಂಟು ಮನೆಯವರ ಪೈಕಿ ನಾಳೆ ಲಾಗ್ ಓದಬೇಕಾದವರು ಯಾರೆಂಬುದನ್ನು ಅವರೇ ತೀರ್ಮಾನಿಸಲಿ. ನಾನಂತೂ ನಮ್ಮ ಮನೆಯಲ್ಲಿ ಕನ್ನಡದಲ್ಲೇ ಇಟ್ಟಿದ್ದೇನೆ, ಅಮ್ಮ ಫೋನಿನಲ್ಲೇ ಲಾಗ್ ಓದಿ ಗೀಸರ್ ಬಗ್ಗೆ ನನ್ನನ್ನು ಪ್ರಶ್ನಿಸುತ್ತಾರೆ.

ಲುವಾ_ಪ್ರಿಯ

ಸ್ಮಾರ್ಟ್‌ಥಿಂಗ್ಸ್‌ನಲ್ಲಿ ಡಿವೈಸ್‌ಗೆ ಒಂದು ಐಡಿ ಇರುತ್ತದೆ, ಕನ್ನಡದ ಹೆಸರು ಬರೀ ಲೇಬಲ್. ಈ ಪ್ರಮೇಯವೇ ಬರುವುದಿಲ್ಲ ಎಂದು ವಿನಯದಿಂದ ನೆನಪಿಸುತ್ತೇನೆ.

ಸಂಪಿನ_ಸಖ

ಎರಡು ದಿನ ಬಿಟ್ಟು ವರದಿ ಒಪ್ಪಿಸುತ್ತಿದ್ದೇನೆ. ಹಳೆಯ ಚೀಟಿ ಹೋಯಿತು. ಎನ್‌ಎಫ್‌ಸಿ ಆಯಿತು. ರೀಸ್ಟೋರ್ ಮೋಡ್ ಆಲ್ವೇಸ್ ಆಫ್ ಎಂದು ಬರೆದೆ. ಟ್ಯಾಂಕು ತುಂಬಿದಾಗ ನಿಲ್ಲಿಸುವ ಕೆಲಸವನ್ನು ಆ್ಯಪಿನಿಂದ ತೆಗೆದು ಡಬ್ಬಿಯೊಳಗೇ ಇಟ್ಟೆ. ಹಳೇಮೀಟರು ಅವರ ಮಾತಿಗೆ ಮಣಿದು ಶನಿವಾರ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗಿ ಕಾಂಟ್ಯಾಕ್ಟರನ್ನೂ ಫ್ಲೋಟ್ ಸ್ವಿಚ್ಚನ್ನೂ ತಂದು, ಎಲೆಕ್ಟ್ರಿಷಿಯನ್ ಕೈಯಲ್ಲಿ ಕಟ್ಟಿಸಿದೆ. ನೀಲಿ ರಿಲೇಯ ಒಳಗೆ ನೋಡಿದರೆ ಸಂಪರ್ಕದ ಒಂದು ತುದಿ ಕಪ್ಪಾಗಿ ಗುಳಿ ಬಿದ್ದಿತ್ತು.

ಆಮೇಲೆ ಒಂದು ಕಿಟಕಿಯಲ್ಲಿ ಮಾಸ್ಕಿಟೊ ಸಬ್, ಇನ್ನೊಂದರಲ್ಲಿ ಇಎಸ್‌ಪಿಹೋಮ್ ಲಾಗ್ಸ್ ಓಡಿಸಿಟ್ಟು, ಮಗಳನ್ನು ಕೆಳಗೆ ಕಳಿಸಿ ಮೋಟಾರಿನ ಎಂಸಿಬಿಯನ್ನು ಐದು ಸಲ ಇಳಿಸಿ ಏರಿಸಲು ಹೇಳಿದೆ. ಐದೂ ಸಲ ಸ್ಥಿತಿ ಆಫ್ ಎಂಬ ಒಂದೇ ಸಾಲು ಬಂತು. ಆದೇಶದ ಸಾಲು ಒಮ್ಮೆಯೂ ಬರಲಿಲ್ಲ.

ಹಳೇಮೀಟರು

ಫ್ಲೋಟನ್ನು ಕೈಯಲ್ಲಿ ಎತ್ತಿ ನೋಡಿದಿರಾ?

ಸಂಪಿನ_ಸಖ

ಎತ್ತಿದೆ, ಮೋಟಾರು ನಿಂತಿತು. ಆ್ಯಪಿಗೆ ಅದು ತಿಳಿಯುವ ಮೊದಲೇ ನಿಂತಿತು.

ಬೈಟುಕಾಫಿ

ಮೆಟ್ಟಿಲ ದೀಪದ ಟಾಪಿಕ್ಕಿನ ಬೈಟುಗಳನ್ನು ಎಣಿಸಿದಿರಾ?

ಸಂಪಿನ_ಸಖ

ಈಗ ಎಣಿಸಿದೆ. ಅದರ ಯಾಮಲ್ ಬೇರೆ ಕಡತದಲ್ಲಿತ್ತು, ಮರೆತಿದ್ದೆ. ದೀಪ ಎಂಬುದಕ್ಕೆ 9 ಬರಬೇಕಾದಲ್ಲಿ 12 ಬರುತ್ತಿದೆ. ಮೊನ್ನೆಯಿಂದ ಮೆಟ್ಟಿಲ ದೀಪ ಆ್ಯಪಿನ ಮಾತು ಕೇಳುತ್ತಿಲ್ಲವೆಂದು ಮೂರನೇ ಮಹಡಿಯವರು ಹೇಳುತ್ತಿದ್ದದ್ದು ಇದಕ್ಕೇ ಇರಬೇಕು.